ಹನ್ನೊಂದು ರಿವೆಟ್ಟುಗಳು

ತಗಡಿನ ಕೆಲಸಕ್ಕೆ ಕಣ್ಣಿಗಿಂತ ಕಿವಿ ಮುಖ್ಯ ಎಂದು ಅಮೀರ ಪಾಶಾ ಮೊದಲ ದಿನವೇ ಹೇಳಿದ್ದ. ವೈಜಿನಾಥ ನಂಬಿರಲಿಲ್ಲ. ಅವನು ಹೈದರಾಬಾದಿನಲ್ಲಿ ಮೂರು ವರ್ಷ ಭೌತಶಾಸ್ತ್ರ ಓದಿದವನು. ಅಲ್ಲಿನ ಗದ್ದಲಕ್ಕೆ ಅಂಜಿ ಅಪ್ಪ ಕರೆಸಿಕೊಂಡದ್ದರಿಂದ ಭಾಲ್ಕಿಗೆ ಮರಳಿದ್ದ. ಅಳತೆಗೆ ಸಿಗದ ಯಾವುದನ್ನೂ ನಂಬುವ ರೂಢಿ ಅವನಿಗಿರಲಿಲ್ಲ.

ಅಪ್ಪ ಮನ್ಮಥಪ್ಪನದು ಹತ್ತಿ ಹಿಂಜುವ ಮಿಲ್ಲು. ಮಿಲ್ಲಿನ ಹಿಂದಿನ ಹುಣಸೆ ಮರದ ಕೆಳಗೆ ಜಾಗೀರದಾರರ ಹಳೆಯ ಫೋರ್ಡ್ ಗಾಡಿಯೊಂದು ಬಿದ್ದಿತ್ತು. ಬಿರುಗಾಳಿಗೆ ಟೊಂಗೆ ಮುರಿದು ಬಿದ್ದು ಅದರ ಛತ್ತು, ಬಾಗಿಲು, ಮೂತಿ ಎಲ್ಲ ಜಜ್ಜಿಹೋಗಿದ್ದವು. ಇಂಜಿನ್ನಿಗೆ ಮಾತ್ರ ಏನೂ ಆಗಿರಲಿಲ್ಲ. "ಒಯ್ಯೋ ಮಾರಾಯ, ಜಾಗಾ ಖಾಲಿ ಆಗ್ಲಿ" ಎಂದು ಜಾಗೀರದಾರರ ಕಾರಭಾರಿ ಕೈ ಬೀಸಿದ್ದ. ವೈಜಿನಾಥನ ಬಳಿ ಸಿಕಂದರಾಬಾದಿನ ರಸ್ತೆಬದಿಯಲ್ಲಿ ಕೊಂಡ ಅಮೆರಿಕದ ಪತ್ರಿಕೆಯೊಂದಿತ್ತು. ಅದರಲ್ಲಿ ಅವನ ವಯಸ್ಸಿನ ಹುಡುಗರು ಹಳೆಯ ಫೋರ್ಡುಗಳ ಛತ್ತು ಕತ್ತರಿಸಿ, ಮೈ ತಗ್ಗಿಸಿ, ಭಾರ ಇಳಿಸಿ, ಮನೆಯಂಗಳದಲ್ಲೇ ಹೊಸ ಗಾಡಿ ಕಟ್ಟಿ ಓಡಿಸುವ ಚಿತ್ರಗಳಿದ್ದವು. ಆ ಚಿತ್ರಗಳನ್ನು ನೋಡಿ ನೋಡಿ ಪುಟಗಳ ಅಂಚು ಹಣ್ಣಾಗಿತ್ತು.

ಭಾಲ್ಕಿಯಲ್ಲಿ ತಗಡು ಬಡಿಯುವವನೆಂದರೆ ಪಾಶಾ ಒಬ್ಬನೇ. ಟ್ರಂಕು, ಬಕೀಟು, ಎಣ್ಣೆ ಡಬ್ಬಿ ಮಾಡುತ್ತಿದ್ದವನು. ಪತ್ರಿಕೆಯನ್ನು ದೂರ ಹಿಡಿದು ನೋಡಿ ನಕ್ಕ.

"ಇಷ್ಟೇ ಏನು? ಗಾಡಿ ಅಂದ್ರ ಚಕ್ರ ಹಚ್ಚಿದ ಟ್ರಂಕು, ಬೇಟಾ. ಕೀಲಿ ಹಾಕೂದಿಲ್ಲ, ಅಷ್ಟೇ ಫರಕು."

"ಚಾಚಾ, ಇದರ ಬಾಗು ನೋಡ್ರಿ. ತ್ರಿಜ್ಯ ಲೆಕ್ಕ ಹಾಕಿ ನಕ್ಷಾ ತೆಗದೀನಿ."

"ನಿನ್ನ ನಕ್ಷಾ ನೀನೇ ಇಟ್ಕೋ ಕಾಲೇಜ್ ಸಾಬ. ತಗಡಿಗಿ ಓದ್ಲಿಕ್ಕಿ ಬರಂಗಿಲ್ಲ."

ಅಂದಿನಿಂದ ಅವನಿಗೆ ಅದೇ ಹೆಸರಾಯಿತು, ಕಾಲೇಜ್ ಸಾಬ.

ಮಿಲ್ಲಿನ ಹಳೆಯ ನೀರಿನ ತೊಟ್ಟಿಯನ್ನು ಬಿಚ್ಚಿ ತಗಡು ತೆಗೆದರು. ಹುಣಸೆ ಬೊಡ್ಡೆಯಲ್ಲಿ ತೋಡಿದ ಗುಣಿಯ ಮೇಲೆ ತಗಡಿಟ್ಟು ಪಾಶಾ ಮರದ ಕೊಡತಿಯಿಂದ ಬಡಿಯುತ್ತಿದ್ದ. ಅಂಚಿನಿಂದ ಒಳಗೆ, ಸುತ್ತುತ್ತ ಸುತ್ತುತ್ತ. ಬಡಿದಷ್ಟೂ ಸಪ್ಪಳ ತೆಳ್ಳಗಾಗಿ ಮೇಲೇರುತ್ತಿತ್ತು. ಒಂದು ಹಂತದಲ್ಲಿ ಕೈ ನಿಲ್ಲಿಸಿ, "ಈಗ ಸಿಟ್ಟಿಗೆದ್ದದ. ಇನ್ನ ಬಡದ್ರ ಸೀಳತದ" ಎಂದು ಅದನ್ನು ಕೆಂಡಕ್ಕಿಟ್ಟು ತಿದಿ ಊದುತ್ತಿದ್ದ. ಮುತ್ತುಗದ ಹೂವಿನ ಬಣ್ಣ ಬಂದ ಕೂಡಲೇ ತೆಗೆದು ಬೂದಿಯಲ್ಲಿ ಮುಚ್ಚಿಡುತ್ತಿದ್ದ. ಆರಿದ ಮೇಲೆ ತಗಡು ಮತ್ತೆ ಮೆತ್ತಗೆ, ಸಪ್ಪಳ ಮತ್ತೆ ದಪ್ಪ. ಪೆಟ್ಟಿಗೆ ಲೋಹ ಗಡಸಾಗುವುದು, ಕಾವಿಗೆ ಸಡಿಲಾಗುವುದು, ಇದೆಲ್ಲ ವೈಜಿನಾಥ ಪುಸ್ತಕದಲ್ಲಿ ಓದಿದ್ದ. ಆದರೆ ಯಾವ ಪೆಟ್ಟಿಗೆ ನಿಲ್ಲಿಸಬೇಕೆಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಒಂದು ಮಧ್ಯಾಹ್ನ ಪರೀಕ್ಷೆಗೆಂದು ಪಾಶಾನ ಬೆನ್ನ ಹಿಂದೆ ನಿಂತು ಐದು ತುಂಡುಗಳನ್ನು ಬಡಿದು ಕೇಳಿಸಿದ. ಪಾಶಾ ತಿರುಗದೆಯೇ ಐದರ ಸ್ಥಿತಿಯನ್ನೂ ಹೇಳಿದ. ಒಂದೂ ತಪ್ಪಲಿಲ್ಲ. ವೈಜಿನಾಥ ನೋಟುಪುಸ್ತಕದಲ್ಲಿ ಐದಕ್ಕೆ ಐದು ಎಂದು ಬರೆದು ಕೆಳಗೆ ಗೆರೆ ಎಳೆದ. ನಂಬಿಕೆ ಅವನಿಗೆ ಬಂದದ್ದು ಹೀಗೆ.

ದೀಪಾವಳಿಗೆ ಹಿಡಿದ ಕೆಲಸ ಹೋಳಿಗೆ ಮುಗಿಯಿತು. ಹೊಗೆ ಕೊಳವೆಯ ತುದಿಯ ಡಬ್ಬಿಯನ್ನು ಪಾಶಾ ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿದ. ಗಾಡಿಗೊಂದು ದನಿ ಬೇಕು ಎಂಬುದು ಅವನ ಹಟ. ಕೊನೆಗೆ ಅದಕ್ಕೆ ಗುಡುಗುಡಿ ಸೇದುವ ಹಿರಿಯರಂಥ ದಪ್ಪ, ನಿಧಾನದ ದನಿ ಬಂತು. "ಎರಡು ಕೋಸ್ ದೂರ ಇದ್ರೂ ಗುರ್ತು ಹಿಡೀತೇನಿ" ಎಂದು ಪಾಶಾ ಎದೆ ತಟ್ಟಿಕೊಂಡ.

ವೈಜಿನಾಥನ ತಾಯಿ ಗುರಮ್ಮ ಗಾಡಿಯನ್ನು ಸುತ್ತು ಹಾಕಿ ನೋಡಿದಳು. "ಛತ್ತಿಲ್ಲದ ಮನಿಗಿ ಹೆಣ್ಣ ಕೊಡಂಗಿಲ್ಲ. ಛತ್ತಿಲ್ಲದ ಗಾಡ್ಯಾಗ ಯಾರ ಕೂಡ್ತಾರೋ?"

"ನಾ ಕೂಡ್ತೇನ್ರಿ ಅಕ್ಕಾ" ಎಂದು ಪಾಶಾನ ಹೆಂಡತಿ ಕುಲಸುಮಬೀ ಸೆರಗು ಕಟ್ಟಿಕೊಂಡು ಹತ್ತಿಯೇಬಿಟ್ಟಳು. ಬೀದರ ದಾರಿಯಲ್ಲಿ ಐವತ್ತು ಮೈಲಿ ವೇಗಕ್ಕೆ ಅವಳು ಕಣ್ಣು ಮುಚ್ಚಿ ಕೂಗಿದ್ದನ್ನು ಪಾಶಾ ವಾರಗಟ್ಟಲೆ ಅಣಕಿಸಿದ.

ಆ ವರ್ಷದ ಬೇಸಿಗೆ ಒಳ್ಳೆಯದಾಗಿರಲಿಲ್ಲ. ಹಳ್ಳಿಗಳಿಗೆ ಬೆಂಕಿ ಬೀಳುತ್ತಿತ್ತು. ರಜಾಕಾರರು ಕಂಡ ಲಾರಿ, ಮೋಟಾರುಗಳನ್ನೆಲ್ಲ ಎಳೆದೊಯ್ಯುತ್ತಿದ್ದರು. ಗಾಡಿಯನ್ನು ಹುಲ್ಲಿನ ಬಣವೆಯಲ್ಲಿ ಬಚ್ಚಿಡಲೋ, ಬಿಚ್ಚಿಡಲೋ ಎಂದು ವೈಜಿನಾಥ ಒದ್ದಾಡುತ್ತಿದ್ದಾಗ ಪಾಶಾ ಹಿತ್ತಾಳೆ ತಗಡೊಂದನ್ನು ತಂದ. ಎರಡು ದಿನ ಕೂತು ಅಂಗೈ ಅಗಲದ ಚಾಂದ್ ಬಡಿದ. ಅರ್ಧಚಂದ್ರ, ಅದರ ಮಡಿಲಲ್ಲಿ ಚುಕ್ಕಿ. ಗಾಡಿಯ ಮೂತಿಯಲ್ಲಿ ಗಾಳಿ ಹೋಗುವ ಕಬ್ಬಿಣದ ಜಾಳಿಯ ನಡುವೆ ಒಂದು ಪಟ್ಟಿ ಇತ್ತು. ಚಾಂದನ್ನು ಅದರ ಮೇಲಿಟ್ಟು, "ಇದನ್ನ ಕಂಡ್ರ ತಮ್ಮವರ ಗಾಡಿ ಅಂತ ತಿಳೀತಾರ, ಕೈ ಹಚ್ಚಂಗಿಲ್ಲ" ಎಂದ.

"ನಟ್ಟು ಬೋಲ್ಟು ಹಾಕೋಣ್ರಿ ಚಾಚಾ. ನಾಳಿ ತೆಗೀಲಿಕ್ಕಿ ಬರ್ತದ."

"ನಕ್ಕೋ, ಬ್ಯಾಡ. ನಟ್ಟು ಕಂಡ್ರ ಸೋಗು ಅಂತ ತಿಳೀತದ. ಕೈ ಹಾಕಿ ಅಲಗಾಡಿಸಿ ನೋಡ್ತಾರವರು. ರಿವೆಟ್ ಹೊಡದದ್ದು ಖರೇ ಅನಸ್ತದ."

ಕಬ್ಬಿಣದ ಸಳಿ ಕತ್ತರಿಸಿ, ಕೆಂಪಗೆ ಕಾಯಿಸಿ, ಹನ್ನೊಂದು ರಿವೆಟ್ ಹೊಡೆದ. ತಲೆಗಳನ್ನು ಅರದಿಂದ ಉಜ್ಜಿ ಉಜ್ಜಿ ಸಮ ಮಾಡಿದ. ಬೆರಳಾಡಿಸಿದರೆ ಎಲ್ಲಿ ರಿವೆಟ್, ಎಲ್ಲಿ ಹಿತ್ತಾಳೆ ಎಂದು ತಿಳಿಯುತ್ತಿರಲಿಲ್ಲ.

ಪಾಶಾ ಹೇಳಿದಂತೆಯೇ ಆಯಿತು. ಕಾರಹುಣ್ಣಿಮೆಯ ಹೊತ್ತಿಗೆ ಗುರಮ್ಮನಿಗೆ ಹೊಟ್ಟೆಶೂಲೆ ಎದ್ದು ಬೀದರದ ದವಾಖಾನೆಗೆ ಒಯ್ಯುವಾಗ, ಹಲಬರ್ಗಾ ದಾಟಿದ ಮೇಲೆ ಬಂದೂಕು ಹಿಡಿದ ಆರು ಮಂದಿ ಅಡ್ಡಗಟ್ಟಿದರು. ಮುಂದಿದ್ದವನು ಚಾಂದಿಗೆ ಕೈ ಹಾಕಿ ಅಲುಗಾಡಿಸಿದ. ಅದು ಅಲುಗಲಿಲ್ಲ. ಅವನ ಮುಖ ಸಡಿಲವಾಯಿತು.

"ಯಾರು ಬಡದದ್ದು ಇದು? ಚೆಂದ ಅದ."

"ಭಾಲ್ಕಿ ಅಮೀರ ಪಾಶಾ" ಎಂದ ವೈಜಿನಾಥ. ಹಿಂದೆ ತಾಯಿ ನರಳುತ್ತಿದ್ದಳು. ಬಾಯಿಗೆ ಬಂದದ್ದನ್ನು ಹೇಳಿದ್ದ.

ಗುರಮ್ಮ ಉಳಿದಳು. ಎಂಟು ದಿನಕ್ಕೆ ಅದೇ ಆರು ಮಂದಿ ಪಾಶಾನ ಅಂಗಡಿಗೆ ಬಂದು, ತಮ್ಮ ಲಾರಿಗಳಿಗೆ ಇಪ್ಪತ್ತು ಚಾಂದ್ ಬೇಕೆಂದರು. ಇಲ್ಲವೆನ್ನುವ ದಿನಗಳಲ್ಲ ಅವು. ಪಾಶಾ ತಲೆ ತಗ್ಗಿಸಿ ಬಡಿದುಕೊಟ್ಟ. "ಚಾಚಾ, ನಿಮ್ಮ ಹೆಸರ ನಾನೇ ಹೇಳಿದ್ದೆ" ಎಂದು ವೈಜಿನಾಥ ಒಪ್ಪಿಕೊಂಡಾಗ, "ಕೆಲಸಗಾರನ ಹೆಸರ ಹೇಳೂದು ತಪ್ಪಲ್ಲ ಬೇಟಾ" ಎಂದನಷ್ಟೇ. ಆ ಸಲ ಕಾಲೇಜ್ ಸಾಬ ಎನ್ನಲಿಲ್ಲ.

ಭಾದ್ರಪದದಲ್ಲಿ ಕುಲಸುಮಬೀಯ ತಾಯಿಗೆ ಕಾಯಿಲೆ ಹೆಚ್ಚಿತೆಂದು ಗಂಡ ಹೆಂಡತಿ ಔರಾದ ಆಚೆಯ ಡಾಬಕಾಕ್ಕೆ ಹೋದರು. ಮುದುಕಿ ತೀರಿಕೊಂಡಳು. ಮಣ್ಣು ಮಾಡಿ ಮೂರು ದಿನವಾಗಿತ್ತು, ಅಷ್ಟರಲ್ಲಿ ಪೋಲೀಸ್ ಆ್ಯಕ್ಷನ್ ಶುರುವಾಯಿತು. ಐದು ದಿನಕ್ಕೆ ನಿಜಾಮರ ರಾಜ್ಯ ಮುಗಿಯಿತು. ಭಾಲ್ಕಿಯಲ್ಲಿ ಮೂರು ಬಣ್ಣದ ಬಾವುಟ ಏರಿತು. ಮನ್ಮಥಪ್ಪ ಮಿಲ್ಲಿನವರಿಗೆಲ್ಲ ಪೇಡೆ ಹಂಚಿದ. ವೈಜಿನಾಥನೂ ತಿಂದ. ಆದರೆ ಆ ಐದು ದಿನಗಳಿಗಿಂತ ಮುಂದಿನ ದಿನಗಳು ಕೆಟ್ಟವಾಗಿದ್ದವು. ಬೇಸಿಗೆಯಲ್ಲಿ ಸುಟ್ಟ ಮನೆಗಳ ಸೇಡು ಈಗ ಬೇರೆ ಮನೆಗಳ ಬಾಗಿಲಿಗೆ ಬಂದು ನಿಂತಿತು. ಯಾರು ಮಾಡಿದ್ದು, ಯಾರು ಮಾಡದೆ ಇದ್ದದ್ದು ಎಂದು ಕೇಳುವ ಪುರುಸೊತ್ತು ಅದಕ್ಕಿರಲಿಲ್ಲ.

ಒಂದು ಮುಂಜಾನೆ ಎಂಟರ ಸುಮಾರಿಗೆ ಕಂಬಳಿ ಮಾರುವ ಕಾಶೀರಾಮ ಬಂದ. ಇಡೀ ದಾರಿ ನಡೆದು ಬಂದಿದ್ದ. ಮೊಣಕಾಲ ತನಕ ಕೆಸರು.

"ಡಾಬಕಾದಿಂದ ಬಂದೀನ್ರಿ. ಪಾಶಾನ ಹೇಣ್ತಿ ಹೇಳಿ ಕಳಿಸ್ಯಾಳ್ರಿ. ಗಾಡಿ ತಗೊಂಡು ಜಲ್ದಿ ಬಾ ಅಂತ ಹೇಳು ಅಂದಳು."

"ಏನಾಗ್ಯದ?"

"ಇನ್ನಾ ಏನೂ ಆಗಿಲ್ರಿ. ಖರೆ, ರಜಾಕಾರರ ಲಾರಿಗೋಳಿಗಿ ಚಾಂದ್ ಬಡದವ ಯಾಂವ ಅಂತ ಕೇಳ್ಕೋತ ಮಂದಿ ಊರೂರು ತಿರಗಲತ್ತಾರ. ಇಂವಾ ಎಲ್ಲಿ ಹಾನ ಅಂತ ಗೊತ್ತಾದ್ರ ಮುಗೀತ್ರಿ."

ಪೆಟ್ರೋಲ್ ಸಿಗುವುದು ನಿಂತು ತಿಂಗಳುಗಳಾಗಿದ್ದವು. ಆದರೆ ವೈಜಿನಾಥ ಎರಡು ಡಬ್ಬಿ ಬಚ್ಚಿಟ್ಟಿದ್ದ. ಹೋಗಿಬರಲು ಸಾಕು. ದಾರಿ ಒಳ್ಳೆಯದಿದ್ದರೆ ನಾಲ್ಕು ತಾಸು, ಇಲ್ಲದಿದ್ದರೆ ಐದು. ಗಾಡಿಯ ಮುಂದೆ ನಿಂತಾಗ ಚಾಂದ್ ಬಿಸಿಲಿಗೆ ಫಳಫಳ ಹೊಳೆಯಿತು. ಇದನ್ನು ಇಟ್ಟುಕೊಂಡು ಒಂದು ಹಳ್ಳಿಯನ್ನೂ ದಾಟಲಾಗದು. ಗೋಣಿ ಕಟ್ಟಿದರೆ ಜಾಳಿ ಮುಚ್ಚಿ ಇಂಜಿನ್ ಕಾಯುತ್ತದೆ. ತೆಗೆಯಬೇಕು.

ರಿವೆಟ್ಟಿನ ತಲೆಗೆ ಚಾಣ ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದ. ಪಟ್ಟಿ ಬಾಗಿತು, ಜಾಳಿಯ ಎರಡು ಸಳಿ ಡೊಂಕಾದವು. ರಿವೆಟ್ ಕದಲಲಿಲ್ಲ. ಡೊಂಕಾದ ಸಳಿಗಳನ್ನು ನೋಡಿದ. ಒಂದೊಂದನ್ನೂ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೆಟ್ಟಗೆ ಮಾಡಿದ್ದ ಪಾಶಾ. ಸಂಜೆಯ ಹೊತ್ತಿಗೆ ಅವನೇ ಈ ಗಾಡಿ ಹತ್ತಬೇಕಾದವನು. ಹತ್ತುವ ಮೊದಲು ಅವನು ನೋಡುವುದು ಜಾಳಿಯನ್ನೇ. ವೈಜಿನಾಥ ಸುತ್ತಿಗೆ ಕೆಳಗಿಟ್ಟು ಕೈ ಬೈರಿಗೆ ತೆಗೆದುಕೊಂಡ.

ರಿವೆಟ್ಟಿನ ನಡು ಹುಡುಕಿ, ಗುರುತು ಮಾಡಿ, ತೂತು ಕೊರೆದು ತಲೆ ಹಾರಿಸಬೇಕು. ಪೆಟ್ಟಿಗೆ ಗಡಸಾದ ತಲೆಗಳು. ಬೈರಿಗೆಯ ಮೊನೆ ಜಾರುತ್ತಿತ್ತು. ಮೊದಲನೆಯದಕ್ಕೆ ಒಂದು ತಾಸು ಹಿಡಿಯಿತು. ಎರಡನೆಯದಕ್ಕೆ ಮುಕ್ಕಾಲು ತಾಸು. ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮುಂದಿನವು ಬೇಗ ಆಗುತ್ತವೆ, ಮಧ್ಯಾಹ್ನ ಎರಡಕ್ಕೆ ಹೊರಟರೆ ಬೆಳಕಿರುವಾಗ ಮುಟ್ಟಬಹುದು. ಲೆಕ್ಕ ಸರಿಯಾಗಿತ್ತು. ಆದರೆ ನಾಲ್ಕನೆಯದಕ್ಕೆ ಮೊನೆ ಮುರಿಯಿತು. ಇದ್ದುದರಲ್ಲಿ ಸಣ್ಣದೊಂದನ್ನು ಕುಲುಮೆಗಿಟ್ಟು, ಕಾಯಿಸಿ, ಎಣ್ಣೆಗದ್ದಿ ಹದ ಮಾಡಿಕೊಳ್ಳಬೇಕಾಯಿತು.

ಮನ್ಮಥಪ್ಪ ಎರಡು ಸಲ ಬಂದು ಹೋದ. ಮೂರನೆಯ ಸಲ ಒದರಿದ.

"ಏನ ಮೂಗುತಿ ಕುಂದಣಾ ಮಾಡ್ಲತ್ತೀಯೋ? ಕೊಡ್ಲಿ ತಗೊಂಡು ಹೊಡದು ಕಿತ್ತ ಒಗಿ!"

"ಜಾಳಿ ಹರೀತದ ಅಪ್ಪಾ."

"ಹರೀಲಿ!"

"ಇನ್ನ ಐದೇ ಅವ."

ಹನ್ನೊಂದನೆಯದು ಬಿಟ್ಟಾಗ ಹೊತ್ತು ಮುಳುಗಿತ್ತು. ಚಾಂದ್ ಒಂದು ಗೀರೂ ಇಲ್ಲದೆ ಅವನ ಕೈಗೆ ಬಂತು. ಪಟ್ಟಿಯಲ್ಲಿ ಹನ್ನೊಂದು ತೂತುಗಳು, ದುಂಡಗೆ, ಅಂಚು ನುಣ್ಣಗೆ. ಕತ್ತಲಾದ ಮೇಲೆ ರಸ್ತೆಗಿಳಿದವರ ಮೇಲೆ ಗುಂಡು ಹಾರಿಸುತ್ತಾರೆಂಬ ಡಂಗುರ ಇತ್ತು. ಗುರಮ್ಮ ಗಾಡಿಯ ಮುಂದೆ ಕೂತುಬಿಟ್ಟಳು. ಅವನು ನಸುಕಿನಲ್ಲಿ ಹೊರಟ.

ಹಿಂದಿನ ದಿನ ಬಿಸಿಲಿದ್ದರೂ ಎರೆಮಣ್ಣಿನ ದಾರಿ ಇನ್ನೂ ಹಸಿಯಾಗಿತ್ತು. ಮುಂದಿನ ಚಕ್ರಗಳಿಗೆ ಮಡಗಾರ್ಡು ಇರಲಿಲ್ಲ. ಪತ್ರಿಕೆಯ ಚಿತ್ರಗಳಲ್ಲೂ ಇರಲಿಲ್ಲ. ಕೆಸರು ಹಾರಿ ಹಾರಿ ಅವನ ಮುಖಕ್ಕೂ ಬೀಳುತ್ತಿತ್ತು. ಹಳ್ಳಿಗಳ ಅಗಸೆ ಬಾಗಿಲಲ್ಲಿ ಬಡಿಗೆ ಹಿಡಿದ ಮಂದಿ ನಿಂತಿದ್ದರು. ಅವನ ಹಣೆಯ ವಿಭೂತಿ ನೋಡಿ, ಹೆಸರು ಕೇಳಿ ಬಿಟ್ಟರು. ಮಾಂಜ್ರಾ ಹೊಳೆಯ ದಂಡೆಯಲ್ಲಿ ನಿಲ್ಲಿಸಿದ. ನೀರು ಇಳಿದಿತ್ತು. ಎತ್ತು ಕಟ್ಟಿ ದಾಟಿಸುತ್ತೇನೆಂದು ಒಬ್ಬ ರೈತ ಜೋಡಿ ತರಲು ಹೋದ. ನೀರು ಇಂಜಿನ್ನಿಗೆ ಸಿಡಿಯದಂತೆ ಪಂಖದ ಪಟ್ಟಾ ಬಿಚ್ಚಲೆಂದು ವೈಜಿನಾಥ ಗಾಡಿಯ ಮುಂದೆ ಬಂದ.

ಜಾಳಿ ಕಾಣುತ್ತಿರಲಿಲ್ಲ. ಪಟ್ಟಿ ಕಾಣುತ್ತಿರಲಿಲ್ಲ. ಹನ್ನೊಂದು ತೂತುಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ಮೂತಿಯ ತುಂಬ ಬೆರಳು ದಪ್ಪದ ಕರಿ ಕೆಸರು ಮೆತ್ತಿಕೊಂಡಿತ್ತು.

ಅವನು ಪಟ್ಟಾ ಬಿಚ್ಚುವುದನ್ನು ಮರೆತು ನಿಂತ. ಅಂಗೈ ಅಗಲದ ಚಾಂದ್. ಅದರ ಮೇಲೆ ಒಂದು ಹಿಡಿ ಕೆಸರು ಸಾಕಿತ್ತು. ಭಾದ್ರಪದದಲ್ಲಿ ಕೆಸರು ಮೆತ್ತಿದ ಗಾಡಿಯನ್ನು ಯಾರು ಅನುಮಾನಿಸುತ್ತಾರೆ? ಮಿಲ್ಲಿನ ಅಂಗಳದಲ್ಲಿ, ಕಾಶೀರಾಮನ ಮೊಣಕಾಲ ಮೇಲೆ, ಎಲ್ಲೆಲ್ಲೂ ಕೆಸರಿತ್ತು. ನಿನ್ನೆ ಎಂಟೂಕಾಲಿಗೆ ಹೊರಡಬಹುದಿತ್ತು. ಮಧ್ಯಾಹ್ನ ಒಂದು ಗಂಟೆಗೆ ಡಾಬಕಾ ಮುಟ್ಟಬಹುದಿತ್ತು.

"ಏನ್ರಿ, ಕಟ್ಲಿ ಏನ್ರಿ ಎತ್ತು?" ಎಂದು ರೈತ ಎರಡು ಸಲ ಕೇಳಬೇಕಾಯಿತು.

ಡಾಬಕಾದಲ್ಲಿ ಬಾಗಿಲುಗಳೆಲ್ಲ ಮುಚ್ಚಿದ್ದವು. ಗಾಡಿಯ ದನಿ ಕೇಳಿ ಒಂದೇ ಒಂದು ಬಾಗಿಲು ತೆರೆಯಿತು. ಹಾವಗೆಪ್ಪ ಎಂಬ ಮುದುಕ, ಕೊರಳಲ್ಲಿ ಲಿಂಗ, ಕೈಯಲ್ಲಿ ಗುದ್ದಲಿ, ಕಾಲಿಗೆಲ್ಲ ಹಸಿ ಮಣ್ಣು.

"ಭಾಲ್ಕಿಯಾಂವೇನು ನೀ?"

"ಹೌದ್ರಿ."

"ನಿನ್ನಿ ಬರೂದಿತ್ತಲ್ಲೋ ತಮ್ಮಾ."

ಕುಲಸುಮಬೀ ಅವನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅತ್ತು ಮುಗಿದಿತ್ತು. ಹಾವಗೆಪ್ಪನೇ ನಿಂತುಕೊಂಡು, ನೆಲ ನೋಡುತ್ತ ಹೇಳಿದ.

"ಹೊತ್ತು ಮುಳಗೂ ಮುಂದ ಬಂದ್ರು, ಹತ್ತ ಹನ್ನೆರಡ ಮಂದಿ. ನಮ್ಮೂರವರಲ್ಲ. ನಾ ಮುಂಜಾನಿಂದ ಹೇಳ್ಲತ್ತಿದ್ದೆ, ಜೋಳದ ಹಗೇವು ಖಾಲಿ ಅದ, ಅದರಾಗ ಇಳಸ್ತೀನಿ, ಮ್ಯಾಲ ಕಲ್ಲ ಮುಚ್ಚಿ ಜೋಳದ ಚೀಲ ಒಟ್ಟತೀನಿ ಅಂತ. ಕೇಳಲಿಲ್ಲ. ಒಳಗ ಇಳದ್ರ ಗಾಡಿ ಸಪ್ಪಳ ಕೇಳಂಗಿಲ್ಲ ಅಂದ. ಹುಡುಗ ಬಂದು, ಯಾರೂ ಕಾಣವಲ್ರು ಅಂತ ತಿರುಗಿ ಹೋದ್ರ ಹ್ಯಾಂಗ ಅಂದ. ಇದೇ ಕಟ್ಟಿ ಮ್ಯಾಲ ಕೂತಿದ್ದ ನೋಡು, ದಾರಿ ಕಡೆ ಕಿವಿ ಮಾಡಿ."

ವೈಜಿನಾಥ ಕಟ್ಟೆಯನ್ನು ನೋಡಿದ. ಅದನ್ನು ಆಗಲೇ ಸಗಣಿ ಹಾಕಿ ಸಾರಿಸಿದ್ದರು. ಇನ್ನೂ ಹಸಿಯಿತ್ತು.

ಊರ ಹೊರಗೆ, ಅತ್ತೆಯ ಗೋರಿಯ ಪಕ್ಕದಲ್ಲೇ ಪಾಶಾನನ್ನು ಮಲಗಿಸಿದ್ದರು. ನಮಾಜು ಓದಲು ಊರಲ್ಲಿ ಗಂಡಸರು ಉಳಿದಿರಲಿಲ್ಲ. ಕುಲಸುಮಬೀಯೇ ತನಗೆ ಬಂದಷ್ಟು ಓದಿದ್ದಳು. ಮಣ್ಣು ಎಳೆದದ್ದು ಹಾವಗೆಪ್ಪ. ವೈಜಿನಾಥ ಮೂರು ಹಿಡಿ ಮಣ್ಣು ಹಾಕಿದ. ಜೇಬಿನಲ್ಲಿ ಬಟ್ಟೆ ಸುತ್ತಿದ ಚಾಂದ್ ಇತ್ತು. ತೆಗೆಯಲು ಕೈ ಹೋಯಿತು, ಆದರೆ ತೆಗೆಯಲಿಲ್ಲ.

ಮಧ್ಯಾಹ್ನ ಕುಲಸುಮಬೀಯನ್ನು ಕರೆದುಕೊಂಡು ಹೊರಟ. ಹಾವಗೆಪ್ಪನ ಹೆಂಡತಿ ಅವಳಿಗೆ ತನ್ನ ಇಳಕಲ್ ಸೀರೆ ಉಡಿಸಿ, ಹಣೆಗೆ ಕುಂಕುಮ ಹಚ್ಚಿದಳು. ದಾರಿಯಲ್ಲಿ ಅದು ಬೇಕಿತ್ತು. ನಿನ್ನೆ ಗಂಡನನ್ನು ಕಳೆದುಕೊಂಡವಳು ಹಣೆ ಮುಂದೆ ಮಾಡಿ ಸುಮ್ಮನೆ ಕೂತು ಹಚ್ಚಿಸಿಕೊಂಡಳು.

ಕೆಸರು ಮುಚ್ಚಿದ ಜಾಳಿಗೆ ಗಾಳಿ ಸಿಗದೆ ಹೊಳೆ ಮುಟ್ಟುವಷ್ಟರಲ್ಲಿ ಇಂಜಿನ್ ಕುದಿಯುತ್ತಿತ್ತು. ವೈಜಿನಾಥ ಡಬ್ಬಿಯಲ್ಲಿ ನೀರು ತಂದು ತಂದು ಮೂತಿ ತೊಳೆದ. ಆಚೆ ದಂಡೆಯ ದಾರಿ ಬಿಸಿಲಿಗೆ ಆರಿತ್ತು. ಗಾಡಿ ವೇಗ ಹಿಡಿಯಿತು. ವೇಗ ಇಪ್ಪತ್ತು ಮೈಲಿ ದಾಟುತ್ತಲೇ ಮುಂದಿನಿಂದ ಸಪ್ಪಳವೊಂದು ಎದ್ದಿತು. ತೆಳ್ಳಗೆ, ಉದ್ದಕ್ಕೆ, ಯಾರೋ ಹಲ್ಲಿನ ಸಂದಿಯಲ್ಲಿ ಉಸಿರೆಳೆದಂತೆ. ವೇಗ ಹೆಚ್ಚಿದಂತೆ ಅದು ಮೇಲೇರಿತು.

"ಏನ ಸಪ್ಪಳ ಅದು?" ಎಂದಳು ಕುಲಸುಮಬೀ. ಡಾಬಕಾ ಬಿಟ್ಟ ಮೇಲೆ ಅವಳ ಮೊದಲ ಮಾತು.

ತೂತಿನ ಅಂಚಿಗೆ ಗಾಳಿ ತಾಗಿದರೆ ಹೀಗಾಗುತ್ತದೆಂದು ಅವನಿಗೆ ಗೊತ್ತಿತ್ತು. ಅಂಚು ಎಷ್ಟು ನುಣುಪೋ ದನಿ ಅಷ್ಟು ಸ್ಪಷ್ಟ. ಅವನು ಗಾಡಿ ನಿಲ್ಲಿಸಿದ. ಸ್ಟೇರಿಂಗ್ ಚಕ್ರದ ಮೇಲಿನ ಕೈ ತೆಗೆಯದೆ, ಅವಳ ಕಡೆ ನೋಡದೆ, ಎಲ್ಲವನ್ನೂ ಹೇಳಿದ. ಕಾಶೀರಾಮ ಎಷ್ಟು ಹೊತ್ತಿಗೆ ಬಂದ, ತಾನು ಏನು ಮಾಡುತ್ತ ಕೂತೆ, ಹೊಳೆಯ ದಂಡೆಯಲ್ಲಿ ಏನು ಕಂಡೆ. ಹಲಬರ್ಗಾದಲ್ಲಿ ಹೆಸರು ಹೇಳಿದ್ದನ್ನೂ ಬಿಡಲಿಲ್ಲ.

ಅವಳು ಇಳಿದು ಮುಂದೆ ಹೋದಳು. ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ತೂತು ಮುಟ್ಟುತ್ತ ಎಣಿಸಿದಳು. ಅವಳು ಬೈಯಲಿ, ಮಣ್ಣು ತೂರಲಿ ಎಂದು ಅವನು ಕಾದ.

"ಒಂದರ ಬಾಯೀನೂ ಹರದಿಲ್ಲ" ಎಂದಳು. ಆಮೇಲೆ, "ಅವರಿದ್ರೂ ಹಿಂಗೇ ಮಾಡ್ತಿದ್ರು. ಜಾಳಿ ಕೆಡಸ್ತಿರಲಿಲ್ಲ."

ಬೈಗುಳವಾದರೆ ಹೊರಬಹುದಿತ್ತು. ಅವನು ಜೇಬಿನಿಂದ ಬಟ್ಟೆಯ ಗಂಟು ತೆಗೆದು ಕೊಟ್ಟ. ಅವಳು ಬಿಚ್ಚಿ ನೋಡದೆ ಮಡಿಲಲ್ಲಿ ಇಟ್ಟುಕೊಂಡಳು.

"ನಡೀ ಬೇಟಾ. ಅಕ್ಕಾ ದಾರಿ ನೋಡ್ಲತ್ತಿರಬೇಕು."

ಅವನು ಗಾಡಿ ಬಿಟ್ಟ. ತೂತುಗಳು ಕೂಗದಷ್ಟು ನಿಧಾನ. ಮೂರು ತಾಲೂಕಿನಲ್ಲಿ ಇದಕ್ಕಿಂತ ವೇಗದ ಗಾಡಿ ಇರಲಿಲ್ಲ. ಹಿಂದಿನಿಂದ ಜೋಳದ ಕಣಿಕೆ ಹೇರಿಕೊಂಡು ಬಂದ ಚಕ್ಕಡಿಯವನು ಬಾರುಕೋಲು ಬೀಸುತ್ತ ಕೂಗಿದ: "ಏ ಮೋಟಾರಪ್ಪಾ, ಸರಿಯೋ ಬಾಜೂಕ! ಎತ್ತಿಗಿಂತ ಮೆಲ್ಲಕ ಹೊಂಟೀಯಲ್ಲಾ!"

ವೈಜಿನಾಥ ಗಾಡಿಯನ್ನು ಬದಿಗೆ ಎಳೆದು, ಅವನಿಗೆ ದಾರಿ ಬಿಟ್ಟ.